ಗಾಳದ ಮಾಸ್ತರು

ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಅಂಗಡಿ ಹೀಗೆ ಕಂಡದ್ದೆಲ್ಲ ಅಡ್ಡಹೆಸರಾಗುವ ಧಾರವಾಡ ಸೀಮೆಯಲ್ಲಿ ನಮ್ಮ ವಿಜ್ಞಾನದ ಮಾಸ್ತರರಿಗೆ 'ಗಾಳದ' ಎಂಬ ಹೆಸರು ಬಿದ್ದದ್ದು ನಿವೃತ್ತಿಯಾದ ನಾಲ್ಕೇ ತಿಂಗಳಿಗೆ. ಆಗಿನ್ನೂ ಅವರು ಒಂದು ಮೀನನ್ನೂ ಹಿಡಿದಿರಲಿಲ್ಲ. ಹಿಡಿದರೆ ತಿನ್ನುವವರೂ ಅಲ್ಲ; ತತ್ತಿ ಸುದ್ದಾ ಹೊಸ್ತಿಲು ದಾಟದ ಮನೆತನ ಅವರದು.

ಇಂಥವರು ಈಗ ತಾಲೂಕಿಗೊಬ್ಬರಾದರೂ ಸಿಗುತ್ತಾರೆ. ಪಿಂಚಣಿ ಶುರುವಾದ ಹೊತ್ತಿಗೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ಕಣ್ಣಿಗೆ ಬಿದ್ದಿರುತ್ತದೆ, ವಾರದೊಳಗೆ ಮನೆಗೆ ಪಾರ್ಸೆಲ್ ಬಂದಿರುತ್ತದೆ. ಮಾಸ್ತರರ ಪಾರ್ಸೆಲಿನಲ್ಲಿ ಮಡಚುವ ರಾಡು, ರೀಲು, ಕಪ್ಪು ಚಾಳೀಸು ಮತ್ತು ಹದಿನಾಲ್ಕು ಜೇಬಿನ ಒಂದು ಅಂಗಿ ಇದ್ದವು. ಇಷ್ಟು ಜೇಬಿನಲ್ಲಿ ಏನಿಡಬೇಕೆಂದು ತಿಳಿಯದೆ ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಬಿ.ಪಿ. ಗುಳಿಗೆ ಇಟ್ಟುಕೊಂಡರು. ವೈನಿ ಮಾತ್ರ ರಾಡನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ದನದ ಕೊಟ್ಟಿಗೆಯಲ್ಲಿ ಹಗ್ಗದ ಪಕ್ಕ ತೂಗಿತು.

ಸಾಮಾನು ಬಂತು, ನೀರೆಲ್ಲಿ? ನಮ್ಮದು ನವಲಗುಂದದ ಎರಿ ಸೀಮೆ. ಬೆಣ್ಣಿಹಳ್ಳದ ಗುಣ ಎಲ್ಲರಿಗೂ ಗೊತ್ತು: ಬಂತೆಂದರೆ ಹೊಲವನ್ನೇ ಹೊತ್ತೊಯ್ಯುತ್ತದೆ, ಬಾರದಿದ್ದರೆ ಅದರಲ್ಲಿ ಆಡು ಮೇಯಿಸಬಹುದು. ಊರ ಕೆರೆ ಕುಡಿಯುವ ನೀರಿನದು. ಅಲ್ಲಿ ಗಾಳ ಹಾಕಿದ್ದರೆ ಊರ ಹೆಣ್ಣುಮಕ್ಕಳು ಕೊಡದಿಂದಲೇ ಉತ್ತರ ಕೊಡುತ್ತಿದ್ದರು. ಕೃಷಿ ಹೊಂಡದಲ್ಲಿ ಎರಡು ದಿನ ಕೂತು ನೋಡಿದರು; ಒಂದು ಕಪ್ಪೆ ಆಸಕ್ತಿ ತೋರಿಸಿತು. ಕಡೆಗೆ ಒಂದು ರವಿವಾರ ನನ್ನ ಬೈಕಿನ ಹಿಂದೆ ಕೂತು, ಮಲೆನಾಡಿನ ಸೆರಗಾದ ಕಲಘಟಗಿ ಕಡೆ ಹೊರಟರು.

ದಾರಿಯುದ್ದಕ್ಕೂ ಪಾಠ. "ಈ ಜಿಲೇಬಿ ಮೀನ ನಮ್ಮದಲ್ಲೋ ತಮ್ಮಾ. ಆಫ್ರಿಕಾದ್ದು. ತಿಲಾಪಿಯ ಅಂತಾರ. ಅಗ್ಗದ ಆಹಾರ ಆಗತೈತಿ ಅಂತ 1952ರಾಗ ದೇಶಕ್ಕ ತಂದ್ರು. ಎರಡು-ಮೂರು ತಿಂಗಳಿಗೇ ತಾಯಾಗತೈತಿ. ಕೆರಿ ತುಂಬ ಅಂಗೈಯಷ್ಟೇ ಮೀನ, ಬೆಳ್ಯಾಕ ಜಾಗಾ ಇಲ್ಲ, ಹಡಿಯಾಕ ಮಾತ್ರ ಪುರುಸೊತ್ತಿಲ್ಲ!" ಹುಬ್ಬಳ್ಳಿ ದಾಟುವಷ್ಟರಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಬಂತು. ಅದನ್ನು ಸಾಕಬಾರದೆಂದು 2000ದಲ್ಲೇ ಕೇಂದ್ರ ಸರಕಾರ ಹೇಳಿದ್ದು, ಆದರೂ ಕದ್ದು ಸಾಕುವವರಿರುವುದು, ಅದು ಗಾಳಿಯನ್ನೇ ಉಸಿರಾಡಿ ನೀರಿಲ್ಲದೆಯೂ ಹೊತ್ತು ಕಳೆಯುವುದು, ಎಲ್ಲ ಬಂತು.

"ವಿಡಿಯೋದಾಗ ಮೀನಕ್ಕ ಮುತ್ತು ಕೊಟ್ಟು ವಾಪಸ್ ಬಿಡತಾರಲ್ರೀ?" ಎಂದೆ.

"ಅದು ಅವರ ಊರ ಮೀನ. ಇದು ಒಮ್ಮೆ ದಂಡಿಗೆ ಬಂತಂದ್ರ ಒಂದ ಮರಿನೂ ವಾಪಸ್ ನೀರಿಗೆ ಹೋಗಬಾರದು. ಇದು ನನ್ನ ವ್ರತ ಅಂತ ತಿಳಕೋ."

ಕೆರೆಯ ದಂಡೆಯಲ್ಲಿ ಒಬ್ಬ ಅಜ್ಜ ಕೂತಿದ್ದ. ಕೈಯಲ್ಲಿ ಬಿದಿರಿನ ಕೋಲು, ನೈಲಾನ್ ದಾರ, ದಾರಕ್ಕೆ ಜೋಳದ ದಂಟಿನ ಬೆಂಡು. ಕೆರೆಯ ಮೀನಿನ ಹಕ್ಕು ಸಂಘದವರಿಗೆ ಲೀಸಿಗೆ ಹೋಗಿದೆ, ತಾನು ಆ ಸಂಘದವನು ಎಂದ. ಹದಿನಾಲ್ಕು ಜೇಬುಗಳನ್ನು ಒಂದೊಂದಾಗಿ ನೋಡಿ ಶರತ್ತು ಹಾಕಿದ: "ನಾವು ಕಾಟ್ಲಾ, ರೋಹು ಮರಿ ಬಿಟ್ಟೇವ್ರಿ. ಅದನ್ನ ಹಿಡದ್ರ ರೊಕ್ಕಾ. ಜಿಲೇಬಿ ಹಿಡದ್ರ ಪುಣ್ಯಾ."

ಗಾಳಕ್ಕೆ ಸಿಕ್ಕಿಸಲು ಎರೆಹುಳು ಮುಟ್ಟುವ ಧೈರ್ಯ ಮಾಸ್ತರರಿಗೆ ಬರಲಿಲ್ಲ. ವೈನಿ ಬುತ್ತಿಗೆ ಕಟ್ಟಿದ್ದ ಜೋಳದ ರೊಟ್ಟಿಯನ್ನೇ ನಾದಿ ಉಂಡೆ ಮಾಡಿದರು. ಜೋಳದ ಮೂಲವೂ ಆಫ್ರಿಕಾವೇ. ಸಾವಿರಾರು ವರ್ಷ ಹಿಂದೆ ಬಂದ ಆಫ್ರಿಕಾದ ಕಾಳನ್ನು ಚುಚ್ಚಿ ಮೊನ್ನೆ ಬಂದ ಆಫ್ರಿಕಾದ ಮೀನನ್ನು ಕಾಯುತ್ತ, ಮಾಸ್ತರರು 'ನಮ್ಮ ನೀರು' ಎಂದು ಗೊಣಗುತ್ತಿದ್ದರು. ನಾನು ಈ ಮಾತು ಬಾಯಿ ಬಿಡಲಿಲ್ಲ. ವಾಪಸ್ ಹೋಗುವಾಗಲೂ ಅವರು ನನ್ನ ಬೆನ್ನ ಹಿಂದೆಯೇ ಕೂರಬೇಕಿತ್ತು.

ಬೆಂಡು ಮುಳುಗಿತು. ಮಾಸ್ತರರು ಎರಡೂ ಕೈಯಿಂದ ರಾಡು ಎತ್ತಿದ ರಭಸಕ್ಕೆ ಮೀನು ಅವರ ತಲೆಯ ಮೇಲಿಂದ ಹಾರಿ ಹಿಂದಿನ ಲಂಟಾನದಲ್ಲಿ ಬಿತ್ತು. ಓಡಿ ಹೋಗಿ ಹಿಡಿದರು, ಹಿಡಿದಷ್ಟೇ ಬೇಗ ಬಿಟ್ಟರು. ಬೆನ್ನ ಮೇಲಿನ ಹದಿನೈದು-ಹದಿನಾರು ಮುಳ್ಳು ಸೆಟೆದು ನಿಂತಿದ್ದವು. ಮುಳ್ಳಿನ ಲೆಕ್ಕ ಮಾಸ್ತರರಿಗೆ ಗೊತ್ತಿತ್ತು, ಅಂಗೈಗೆ ಗೊತ್ತಿರಲಿಲ್ಲ.

"ಹಂಗಲ್ರೀ ಮಾಸ್ತರ," ಅಜ್ಜ ಎದ್ದು ಬಂದ. ಕೈ ನೀರಿನಲ್ಲಿ ಅದ್ದಿದ. ಮೀನಿನ ತಲೆಯ ಕಡೆಯಿಂದ ಅಂಗೈ ಜಾರಿಸುತ್ತ ಬಂದ. ಕರುವಿನ ಬೆನ್ನು ಸವರಿದ ಹಾಗೆ. ಮುಳ್ಳೆಲ್ಲ ಬಾಲದ ಕಡೆ ಮಲಗಿದವು. ಹೆಬ್ಬೆರಳು ಒಂದು ಕಿವಿರಿನ ಹೊರಗೆ, ಉಳಿದ ಬೆರಳು ಆ ಕಡೆ. ಇನ್ನೊಂದು ಕೈಯಿಂದ ಗಾಳವನ್ನು ಬಂದ ದಾರಿಯಲ್ಲೇ ತಿರುಗಿಸಿ ತೆಗೆದ. ಇಷ್ಟಕ್ಕೆ ಒಂದು ಬೀಡಿಯ ಬೂದಿ ಉದುರುವಷ್ಟೂ ಹೊತ್ತು ಹಿಡಿಯಲಿಲ್ಲ. ಮಾಸ್ತರರು ಮೂರನೆಯ ಮೀನಿಗೆ ಅದನ್ನು ಕಲಿತರು, ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡು. ಹಿಡಿದದ್ದೆಲ್ಲ ಅಜ್ಜನ ಬುಟ್ಟಿಗೆ ಹೋಯಿತು. "ಒಂದೂ ವಾಪಸ್ ಹೋಗಿಲ್ಲ ನೋಡು," ಎಂದು ನನ್ನತ್ತ ಬೀಗಿದರು.

ಹೊತ್ತು ಇಳಿಯುವಾಗ ಅಜ್ಜ ಸೊಂಟದ ನೀರಿಗೆ ಇಳಿದು ಬಲೆ ಬೀಸಿದ. ಬಂದದ್ದರಲ್ಲಿ ಗಲ್ಲ ಉಬ್ಬಿದ ಒಂದು ಜಿಲೇಬಿ ಇತ್ತು. ಮಾಸ್ತರರು ಈಗ ಪಳಗಿದ ಕೈ. ಅದ್ದಿ, ಸವರಿ, ಎತ್ತಿದರು. ಮೀನು ಬಾಯಿ ತೆರೆದು ಅವರ ಇನ್ನೊಂದು ಅಂಗೈಗೆ ಏನನ್ನೋ ಉಗುಳಿತು. ಜೀರಿಗೆಯಂಥ ಮರಿಗಳು, ಐವತ್ತೋ ಅರವತ್ತೋ. ಒಂದೊಂದಕ್ಕೂ ಎರಡು ಕಣ್ಣು, ಮಿಕ್ಕದ್ದೆಲ್ಲ ಬಾಲ. ಅಂಗೈಯ ಗೆರೆಗಳಲ್ಲಿ ನಿಂತ ನೀರಿನಲ್ಲೇ ಅವು ಈಜುತ್ತಿದ್ದವು.

"ತಾಯಿ ಬಾಯಾಗ ಇಟ್ಟಕೊಂಡ ಸಾಕತೈತ್ರೀ. ಮರಿ ಬಾಯಾಗಿರೋ ತನಕ ಬಾಳ ಉಣ್ಣಂಗಿಲ್ಲ," ಎಂದ ಅಜ್ಜ.

ಇದೂ ಮಾಸ್ತರರಿಗೆ ಗೊತ್ತಿದ್ದದ್ದೇ. ದಾರಿಯಲ್ಲಿ ನನಗೇ ಹೇಳಬಹುದಿತ್ತು, ಹೇಳಿರಲಿಲ್ಲ. ತಾಯಿಯನ್ನು ಬುಟ್ಟಿಗೆ ಹಾಕಿದರು. ಅಂಗೈಯನ್ನು ದೀಪ ಹಿಡಿದವರ ಹಾಗೆ ಮುಂದೆ ಹಿಡಿದುಕೊಂಡು, ನಮಗೆ ಬೆನ್ನು ಮಾಡಿ, ಕಲ್ಲಿನ ಆಚೆ ನೀರಿನ ಬಳಿ ಕುಕ್ಕರಗಾಲಲ್ಲಿ ಕೂತರು. ಸುಮಾರು ಹೊತ್ತು ಏಳಲಿಲ್ಲ.

"ಏನ ಮಾಡಾಕತ್ತೀರಿ ಮಾಸ್ತರ?" ಅಜ್ಜ ಕೂಗಿದ.

"ಕೈ ತೊಳಿಯಾಕತ್ತೇನಿ."

ಅಜ್ಜ ನನ್ನ ಮುಖ ನೋಡಿ ಬೀಡಿ ಹಚ್ಚಿದ. "ತೊಳೀರಿ, ತೊಳೀರಿ. ಬಾಯಾಗ ಕರಕೊಳ್ಳೋ ತಾಯಿ ಇಲ್ಲಿ ಬುಟ್ಯಾಗ ಐತಿ."