ತಪ್ಪು ಒಂದೇ, ಶಿಕ್ಷೆ ಬೇರೆ ಬೇರೆ: ಪಿ.ಎಚ್.ಪಿ. ಕಟ್ಟುವವರಿಗೆ ಒಂದು ಬಹಿರಂಗ ಪತ್ರ



ನಾನು ಕಡೂರಿನಲ್ಲಿ ಬಿ.ಸಿ.ಎ. ಓದುವ ಮಕ್ಕಳಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ತರೀಕೆರೆ, ಅಜ್ಜಂಪುರ, ಬೀರೂರಿನ ಕಡೆಯಿಂದ ಬಸ್ಸು, ರೈಲು ಹಿಡಿದು ಬರುವ ಮಕ್ಕಳು. ಇವರಲ್ಲಿ ಬಹಳ ಮಂದಿಯ ಕೈಗೆ ಮೊದಲು ಸಿಗುವ ಸರ್ವರ್ ಭಾಷೆ ನಿಮ್ಮ ಪಿ.ಎಚ್.ಪಿ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ವೇರಿಯಬಲ್‌ಗೆ ‘ಊರುಗಳು’ ಅಂತ ಕನ್ನಡದಲ್ಲೇ ಹೆಸರಿಟ್ಟರೂ ಬೇಡ ಅನ್ನುವುದಿಲ್ಲ. ಆ ಋಣ ನಮ್ಮ ಮೇಲಿದೆ. ಹಾಗಿದ್ದೂ ರೆಫರೆನ್ಸ್‌ನ ವಿಷಯದಲ್ಲಿ ನೀವು ಈ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೀರಿ ಎಂದು ಹೇಳಲೇಬೇಕಾಗಿದೆ.

ರೆಫರೆನ್ಸ್ ಎಂದರೇನೆಂದು ತರಗತಿಯಲ್ಲಿ ಕೇಳಿದರೆ ನಾನು ಪಹಣಿಯ ಮಾತು ತೆಗೆಯುತ್ತೇನೆ. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಯಾರು ಏನು ಗೀಚಿದರೂ ಮೂಲ ದಾಖಲೆ ಇದ್ದ ಹಾಗೇ ಇರುತ್ತದೆ. ಮೂಲವನ್ನೇ ಕೊಟ್ಟರೆ ತಿದ್ದುಪಡಿ ಅದರಲ್ಲೇ ಆಗುತ್ತದೆ. ಸಾರ್ಟ್, ಅರೇ ಪಾಪ್, ಎಂಡ್ ಮುಂತಾದ ಫಂಕ್ಷನ್‌ಗಳು ಮೂಲವನ್ನೇ ಕೇಳುತ್ತವೆ. ಬೇರೊಂದು ಫಂಕ್ಷನ್ ಆಗತಾನೇ ಕೊಟ್ಟ ಫಲಿತಾಂಶಕ್ಕಾಗಲೀ, ಅಲ್ಲೇ ಬರೆದ ಪಟ್ಟಿಗಾಗಲೀ ಹೆಸರಿಲ್ಲ, ನೆಲೆಯಿಲ್ಲ. ಅವನ್ನು ನೇರವಾಗಿ ಕೊಟ್ಟರೆ ತಿದ್ದಿದ್ದು ಯಾರ ಕೈಗೂ ಸಿಗದೆ ಹೋಗುತ್ತದೆ. ಎರಡೂ ಒಂದೇ ತಪ್ಪು.

ನಿಮ್ಮ ಉತ್ತರ ಮಾತ್ರ ಒಂದೇ ಅಲ್ಲ. ‘ಕಡೂರು,ತರೀಕೆರೆ,ಅಜ್ಜಂಪುರ’ ಎಂಬ ಸಾಲನ್ನು ಎಕ್ಸ್‌ಪ್ಲೋಡ್‌ನಿಂದ ಒಡೆದು, ಬಂದದ್ದನ್ನು ಹಾಗೇ, ಪಟ್ಟಿಯ ಕೊನೆಯದನ್ನು ಕೊಡುವ ಎಂಡ್‌ಗೆ ಕೊಡಿ. ‘ಅಜ್ಜಂಪುರ’ ಎಂಬ ಸರಿಯುತ್ತರ ಬರುತ್ತದೆ, ಜೊತೆಗೆ ಒಂದು ನೋಟಿಸ್. ಅದೇ ಮೂರು ಊರುಗಳನ್ನು ಚೌಕ ಕಂಸದೊಳಗೆ ಪಟ್ಟಿಯಾಗಿ ಬರೆದು ಅದೇ ಎಂಡ್‌ಗೆ ಕೊಡಿ. ಫೇಟಲ್ ಎರರ್! ಪ್ರೋಗ್ರಾಂ ಅಲ್ಲಿಗೇ ನಿಂತಿತು. ಕಾಲ್ ಯೂಸರ್ ಫಂಕ್ ಮೂಲಕ ಎಂಡ್ ಅನ್ನು ಕರೆದರೆ ಪಟ್ಟಿ ಸರಿಯಾದ ವೇರಿಯಬಲ್‌ನಲ್ಲೇ ಇದ್ದರೂ ವಾರ್ನಿಂಗ್. ಯಾವುದನ್ನು ನಂಬಬೇಕು ಅಂತ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದರೆ ನಾನು ಏನು ಹೇಳಲಿ?

ಎಂಡ್‌ನ ವಿಷಯದಲ್ಲಿ ನಷ್ಟವೇನೂ ಇಲ್ಲ, ಬೇಕಾದ ಉತ್ತರ ಬಂದಿರುತ್ತದೆ. ನನ್ನ ಸಂಕಟ ಇರುವುದು ಸಾರ್ಟ್‌ನಲ್ಲಿ. ನಮ್ಮ ಮಕ್ಕಳು ಪ್ರಾಜೆಕ್ಟ್ ಎಂದರೆ ಅಡಿಕೆ ಮಂಡಿಯ ಲೆಕ್ಕಕ್ಕೇ ಕೈಹಾಕುತ್ತಾರೆ, ಮನೆಯಲ್ಲಿ ಕೇಳಿ ಬೆಳೆದ ವ್ಯವಹಾರ ಅದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ದರಗಳನ್ನು ಡೇಟಾಬೇಸಿನಿಂದ ತಂದುಕೊಡಲು ಒಂದು ಫಂಕ್ಷನ್ ಬರೆಯುತ್ತಾರೆ. ಆಮೇಲೆ ಅದರ ಫಲಿತಾಂಶವನ್ನು ನೇರ ಸಾರ್ಟ್‌ಗೆ ಕೊಟ್ಟುಬಿಡುತ್ತಾರೆ. ಸಾರ್ಟ್ ತನ್ನ ಕೆಲಸ ಮಾಡುತ್ತದೆ, ದರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುತ್ತದೆ, ಜೋಡಿಸಿದ ಪಟ್ಟಿ ಆ ಕ್ಷಣವೇ ಮಾಯ. ಆ ಫಂಕ್ಷನ್ನನ್ನು ಮತ್ತೆ ಕರೆದು ತೋರಿಸಿದರೆ ತೆರೆಯ ಮೇಲೆ ಬರುವುದು ಹಳೇ ಕ್ರಮವೇ. ಇಲ್ಲಿ ಕೆಲಸ ಪೂರ್ತಿ ಹಾಳಾಗಿದೆ, ಆದರೂ ನೀವು ಕೊಡುವುದು ಎಂಡ್‌ಗೆ ಕೊಟ್ಟ ಅದೇ ನೋಟಿಸ್. ನಿಜವಾದ ಸರ್ವರ್‌ಗೆ ಹೋದ ಮೇಲೆ ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿರುತ್ತಾರೆ, ಆಗ ಅದೂ ಕಾಣುವುದಿಲ್ಲ. ದರಗಳನ್ನು ಪಟ್ಟಿಯಾಗಿ ಅಲ್ಲೇ ಬರೆದು ಸಾರ್ಟ್‌ಗೆ ಕೊಟ್ಟಿದ್ದರೆ ನೀವೇ ಅಡ್ಡ ನಿಂತು ತಡೆಯುತ್ತಿದ್ದಿರಿ. ಯಾರೂ ಹಾಗೆ ಬರೆಯುವುದಿಲ್ಲ ಎನ್ನುವುದೇ ತೊಡಕು. ನಿತ್ಯ ನಡೆಯುವ ತಪ್ಪಿಗೆ ಮೃದು, ಅಪರೂಪದ ತಪ್ಪಿಗೆ ಕಠಿಣ.

ಇದೇ ಮಗು ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಲಾರವೆಲ್‌ನಲ್ಲಿ ಬರೆದರೆ ಆ ಚೌಕಟ್ಟು ನೋಟಿಸನ್ನೂ ಎಕ್ಸೆಪ್ಷನ್ ಮಾಡಿಬಿಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಓಡಿದ ಸಾಲು ಅಲ್ಲಿ ನಿಲ್ಲುತ್ತದೆ.

ನೀವು ಇದರ ಬಗ್ಗೆ ಒಂದು ನಿಲುವಿಗೆ ಬಂದವರೇ ಅಲ್ಲ ಎಂಬುದಕ್ಕೆ ಹಳೆಯ ಆವೃತ್ತಿಗಳ ಇತಿಹಾಸವೇ ಸಾಕ್ಷಿ. ಫಂಕ್ಷನ್ ಫಲಿತಾಂಶವನ್ನು ಹೀಗೆ ಕೊಡುವುದು 5.0.5ರಲ್ಲಿ ಫೇಟಲ್ ಎರರ್ ಆಯಿತು. 5.1.1ರಲ್ಲಿ ಬರೀ ಸ್ಟ್ರಿಕ್ಟ್ ಸೂಚನೆಗೆ ಇಳಿಯಿತು. 2015ರ 7.0ರಲ್ಲಿ ನೋಟಿಸ್ ಎನಿಸಿಕೊಂಡಿತು. 5.0.5ರ ಬಿಗಿ ಆಗ ಓಡುತ್ತಿದ್ದ ಎಷ್ಟೋ ಹಳೆಯ ಕೋಡನ್ನು ಮುರಿಯಿತು, ಹಿಂದೆ ಸರಿದದ್ದು ನನಗೆ ಅರ್ಥವಾಗುತ್ತದೆ. ಆದರೆ 2020ರ 8.0ರಲ್ಲಿ ನೀವು ಹಳೆಯ ನೋಟಿಸ್‌ಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದಿರಿ. ಇಲ್ಲದ ವೇರಿಯಬಲ್ ಬಳಸಿದರೆ ಬರುತ್ತಿದ್ದ ನೋಟಿಸನ್ನು ವಾರ್ನಿಂಗ್‌ಗೆ ಏರಿಸಿದಿರಿ. ಆದರೆ ಇದನ್ನು ಇದ್ದಲ್ಲೇ ಬಿಟ್ಟಿರಿ. ಹತ್ತಾರು ವರ್ಷ ಕೋಡ್ ಬರೆದವರಿಗೆ ಇದು ಸಣ್ಣ ವಿಷಯ ಇರಬಹುದು. ಕಲಿಯುವವರಿಗೆ ಎರರ್ ಸಂದೇಶವೇ ಅರ್ಧ ಪಾಠ. ಇಲ್ಲಿ ಪಕ್ಕದಲ್ಲಿ ಕೂತು ತಿದ್ದುವ ಸೀನಿಯರ್‌ಗಳು ಸಿಗುವುದು ಕಡಿಮೆ, ಮಕ್ಕಳು ತೆರೆಯ ಮೇಲೆ ಬಂದದ್ದನ್ನೇ ಓದಿ ಕಲಿಯುತ್ತಾರೆ.

2025ರ ನವೆಂಬರ್‌ನಲ್ಲಿ ಬಂದ 8.5ರಲ್ಲಿ ಅರೇ ಫಸ್ಟ್, ಅರೇ ಲಾಸ್ಟ್ ಎಂಬ ಎರಡು ಫಂಕ್ಷನ್ ಕೊಟ್ಟಿದ್ದೀರಿ. ಅವಕ್ಕೆ ಮೂಲ ಬೇಕಿಲ್ಲ, ನಕಲು ಸಾಕು. ಎಂಡ್‌ಗೆ ಇನ್ನು ಜೋತುಬೀಳಬೇಕಿಲ್ಲ. ಮನಸಾರೆ ವಂದನೆಗಳು. ಸಾರ್ಟ್, ಶಫಲ್, ಅರೇ ಪಾಪ್ ಹಾಗೇ ಉಳಿದಿವೆ.

ನಾನು ಕೇಳುವುದು ಇಷ್ಟೆ. ರೆಫರೆನ್ಸ್ ಹಿಂತಿರುಗಿಸುವ ಫಂಕ್ಷನ್‌ಗಳನ್ನು ಬಿಟ್ಟು, ಉಳಿದೆಲ್ಲ ಫಂಕ್ಷನ್ ಫಲಿತಾಂಶಗಳಿಗೂ ಅಲ್ಲೇ ಬರೆದ ಪಟ್ಟಿಗಳಿಗೂ ಒಂದೇ ನಿಯಮ ಮಾಡಿ. ಒಮ್ಮೆಗೇ ಬಿಗಿ ಮಾಡಿದರೆ ಏನಾಗುತ್ತದೆಂದು 5.0.5 ತೋರಿಸಿದೆ, ಹಾಗಾಗಿ ಮೊದಲು ಡಿಪ್ರಿಕೇಟ್ ಮಾಡಿ ಕೆಲವು ವರ್ಷ ಕಾಯಿರಿ, ಮುಂದಿನ ದೊಡ್ಡ ಆವೃತ್ತಿಯಲ್ಲಿ ಎರರ್ ಮಾಡಿ. ನಿಮ್ಮಲ್ಲಿ ಇಂಥ ಬದಲಾವಣೆಗೆ ಮತದಾನದಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂದು ಬಲ್ಲೆ. ಪ್ರಸ್ತಾವ ಎದುರಿಗೆ ಬಂದ ದಿನ ಹಳೇ ಕೋಡಿನ ಜೊತೆಗೆ ಹೊಸ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಮತ್ತೆ, ಆ ಸಂದೇಶದಲ್ಲೇ ‘ಫಲಿತಾಂಶವನ್ನು ಮೊದಲು ಒಂದು ವೇರಿಯಬಲ್‌ಗೆ ಹಾಕಿಕೊಳ್ಳಿ’ ಎಂದೂ ಒಂದು ಮಾತು ಸೇರಿಸಿ.

ಇಂತಿ,
ಕಡೂರಿನ ಒಬ್ಬ ಕಂಪ್ಯೂಟರ್ ಮೇಷ್ಟ್ರು