ಪ್ಯಾಕಿಂಗ್ ಪ್ರಸಂಗ

ಹಳ್ಳದ ದಂಡೆಯಲ್ಲಿ ಕೂತಿರುವ ನಮ್ಮ ಐದು ಎಚ್‌ಪಿ ಪಂಪು ಕಳೆದ ಬೇಸಿಗೆಯಲ್ಲಿ ನೀರು ಹಿಡಿಯುವುದನ್ನು ಬಿಟ್ಟಿತು. ಸದ್ದಿಗೇನೂ ಕೊರತೆಯಿರಲಿಲ್ಲ. ಸ್ವಿಚ್ ಹಾಕಿದರೆ ಸಾಕು, ಭಾಗವತರನ್ನೂ ಮೀರಿಸುವ ಆಲಾಪನೆ. ತೋಟದ ಸ್ಪ್ರಿಂಕ್ಲರಿನ ತುದಿಯಲ್ಲಿ ಮಾತ್ರ ಬರೀ ಉಸಿರು. ಕೊಡಗಟ್ಟಲೆ ನೀರು ಹೊಯ್ದು ಪ್ರೈಮಿಂಗ್ ಮಾಡಿದೆ. ಎರಡು ನಿಮಿಷ ನೀರು, ಮತ್ತೆ ಗಾಳಿ.

ಫುಟ್‌ವಾಲ್ವ್ ಎತ್ತಿದೆ. ಸಿಕ್ಕಿದ್ದು ಒಂದು ಏಡಿ, ಅದೂ ನಿರಪರಾಧಿ. ಪೈಪಿನುದ್ದಕ್ಕೂ ಕೈಯಾಡಿಸಿದರೆ ಒಂದು ಹನಿ ಒದ್ದೆಯಿಲ್ಲ. ಸೋರದ ಪೈಪಿಗೆ ಇನ್ನೆಂಥ ರೋಗ ಎಂದು ಕೇಳಿದ್ದಕ್ಕೆ ರಿಪೇರಿಯವನು ಫೋನಿನಲ್ಲೇ ನಕ್ಕ. "ಹೆಗಡೇರೇ, ಸಕ್ಷನ್ ಪೈಪು ನೀರು ಹೊರಗೆ ಬಿಡೂದಿಲ್ಲ, ಗಾಳಿ ಒಳಗೆ ತಗಳ್ತದೆ. ಊದುಬತ್ತಿ ಹಚ್ಚಿ ನೋಡಿ."

ಪಂಪು ನೀರನ್ನು ಎಳೆಯುತ್ತದೆ ಎಂದೇ ನಾನು ನಂಬಿದ್ದೆ. ಅದು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೇ. ಹಳ್ಳದ ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ವಾತಾವರಣ. ಅದರ ತಾಕತ್ತೂ ಸುಮಾರು 10 ಮೀಟರು, ಪ್ರತ್ಯಕ್ಷದಲ್ಲಿ ಇನ್ನೂ ಕಡಿಮೆ. ದಾರಿಯಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕಿತೋ, ನೀರು ಹೊರಿಸುವ ಉಸಾಬರಿಯನ್ನೇ ಬಿಟ್ಟು ಗಾಳಿ ತಾನೇ ಒಳಗೆ ನುಗ್ಗುತ್ತದೆ. ಕೆಲಸ ತಪ್ಪಿಸಿಕೊಳ್ಳಲು ಇಂಥ ಸಂದು ಸಿಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲ.

ಮೂರು ಊದುಬತ್ತಿ ಹಿಡಿದು ಓಡುತ್ತಿರುವ ಪಂಪಿಗೆ ಪ್ರದಕ್ಷಿಣೆ ಬರುತ್ತಿದ್ದಾಗ ಅಜ್ಜಿ ಕಂಡಳು. "ತಮಾ, ಆಯುಧಪೂಜೆಗೆ ಇನ್ನೂ ಆರು ತಿಂಗ್ಳಿದ್ದಲೋ!" ಅಷ್ಟರಲ್ಲಿ ನೆಟ್ಟಗೆ ಏಳುತ್ತಿದ್ದ ಹೊಗೆ ಫ್ಲಾಂಜಿನ ಬಳಿ ಬಾಗಿ, ಎರಡು ಬಿಲ್ಲೆಗಳ ನಡುವೆ ಹಾವಿನಂತೆ ನುಸುಳಿ ಮಾಯವಾಯಿತು. ಕಳ್ಳ ಸಿಕ್ಕ.

ಬೋಲ್ಟು ಬಿಚ್ಚಿದರೆ ಒಳಗಿನ ಪ್ಯಾಕಿಂಗ್ ತಳ ಹಿಡಿದ ದೋಸೆ. ಚಾಕುವಿನಿಂದ ಕೆರೆದು ಕೆರೆದು ಅರ್ಧ ಗಂಟೆ ಹೋಯಿತು. ಪೇಟೆಗೆ ಹೋಗಿ ತರುವಷ್ಟು ಪುರುಸೊತ್ತಿಲ್ಲ, ತ್ರೀ ಫೇಸ್ ಕರೆಂಟು ಯಾವಾಗ ಹೋಗುತ್ತದೋ. ಕೊಟ್ಟಿಗೆಯ ಅಟ್ಟದಲ್ಲಿ ಲಾರಿ ಟ್ಯೂಬಿನ ತುಂಡಿತ್ತು. ಅದನ್ನು ಫ್ಲಾಂಜಿನ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಅಚ್ಚು ತಾನಾಗಿ ಮೂಡುತ್ತದೆ. ಗುರುತಿನ ಮೇಲೆ ಕತ್ತರಿಸಿದರಾಯಿತು. ಚೆಂದಕ್ಕೆ ಬಂತು. ಅಂಚು ದುಂಡಗೆ, ಬೋಲ್ಟಿನ ನಾಲ್ಕು ತೂತು ಮುತ್ತಿನಂತೆ. ಕೂರಿಸಿ, ಒಂದೊಂದೇ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದು ಸ್ವಿಚ್ ಹಾಕಿದೆ. ಈ ಸಲ ಉಸಿರೂ ಇಲ್ಲ.

ಸಂಜೆ ರಿಪೇರಿಯವನು ಬಂದು ಬಿಚ್ಚಿದ. ಹೊರಬಂದದ್ದನ್ನು ಬೆಳಕಿಗೆ ಹಿಡಿದು ಮೂರು ಸಲ ತಿರುಗಿಸಿದ. "ಇದು ಚಂಡೆಗೆ ಹಾಕೂದಾ ಹೆಗಡೇರೇ?" ನಾಲ್ಕು ಸಣ್ಣ ತೂತುಗಳ ಕುಸುರಿಯಲ್ಲಿ ನೀರು ಹೋಗಬೇಕಾದ ನಡುವಿನ ದೊಡ್ಡ ತೂತೇ ಮರೆತುಹೋಗಿತ್ತು.

ಅವನು ಬೇರೆ ಕತ್ತರಿಸಿದ. ತೆಳ್ಳಗೆ ಗ್ರೀಸು ಸವರಿ ಅಂಟಿಸಿದ್ದರಿಂದ ಅದು ಜಾರಲಿಲ್ಲ. ಬೋಲ್ಟುಗಳನ್ನು ಸಾಲಾಗಿ ಬಿಗಿಯಲೂ ಇಲ್ಲ. ಒಂದಕ್ಕೆ ಅರ್ಧ ಸುತ್ತು, ಆಮೇಲೆ ಅದರ ಎದುರಿನದಕ್ಕೆ, ಮತ್ತೆ ಅಡ್ಡಲಾಗಿ. ಒಂದನ್ನೇ ಪೂರ್ತಿ ಬಿಗಿದರೆ ಎದುರಿನ ಬದಿ ಬಾಯಿ ಬಿಡುತ್ತದಂತೆ. ದೊಡ್ಡ ಪೈಪಿನ ಫ್ಲಾಂಜುಗಳಲ್ಲಿ 8, 12, 16 ಹೀಗೆ ನಾಲ್ಕರ ಲೆಕ್ಕದಲ್ಲೇ ಬೋಲ್ಟಿರುವುದರಿಂದ ಎದುರು ಜೋಡಿ ತಪ್ಪುವುದಿಲ್ಲ. ನಾನು ಇನ್ನೊಂದು ಸುತ್ತು ಹಾಕಲು ಪಾನಾ ಎತ್ತಿದರೆ ಅವನು ಕೈ ಹಿಡಿದ. "ಸಾಕು. ಜಾಸ್ತಿ ಹಿಂಡಿದ್ರೆ ರಬ್ಬರು ಒಳಗೆ ಉಬ್ಬಿ ಬರ್ತದೆ." ಅಷ್ಟು ಹೇಳುವಾಗ ಕರೆಂಟು ಹೋಯಿತು.

ರಾತ್ರಿ ಎರಡಕ್ಕೆ ಬಂತು. ಟಾರ್ಚು ಹಿಡಿದು ಹಳ್ಳಕ್ಕೆ ಓಡಿದೆ. ತೋಟದ ತುಂಬ ಚಟಚಟ ಸದ್ದು, ಸೋಗೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ನನ್ನ ಆ ಚಂಡೆ ಪ್ಯಾಕಿಂಗನ್ನು ಅಜ್ಜಿ ಬಿಸಾಡಲು ಬಿಡಲಿಲ್ಲ. ಮಾವಿನಮಿಡಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಅದನ್ನಿಟ್ಟು, ಗುಂಡುಕಲ್ಲು ಹೇರಿದ್ದಾಳೆ. ಈ ವರ್ಷ ಒಂದು ಇರುವೆಯೂ ಒಳಗೆ ಹೋಗಿಲ್ಲ.