ಐದನೇ ಸ್ವಿಚ್ಚು ಯಾತಕ್ಕೆ?

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಮಾರುವುದು ಅಂಥ ಘನಂದಾರಿ ಕೆಲಸವೇನಲ್ಲ. ಎಂಜಿಬಿಯನ್ನೇ ತೆಗೆದುಕೊಳ್ಳಿ. 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಮಿಕ್ಕಿ ಹೊರಬಿದ್ದ ಕಾರು ಅದು. ಇಬ್ಬರು ಕೂರಬಹುದು, ಬಿಸಿಲು ಬಂದರೆ ಮಾಡು ಮಡಚಬಹುದು, ಮಳೆ ಬಂದರೆ ಮಾಡು ಇದ್ದೂ ನೆನೆಯಬಹುದು. ತಳ ತುಕ್ಕು ಹಿಡಿದಿದ್ದರೂ ಅದಕ್ಕೆ ಗಿರಾಕಿಗಳಿದ್ದಾರೆ, ಎಂಜಿನ್ನು ಪೆಟ್ರೋಲಿಗೆ ಸಮನಾಗಿ ಆಯಿಲ್ ಕುಡಿದರೂ ಇದ್ದಾರೆ. ಅವರು ಕೈಕಟ್ಟಿ ಎರಡು ಹೆಜ್ಜೆ ಹಿಂದೆ ಸರಿಯುವುದು ಒಂದೇ ಸಂದರ್ಭದಲ್ಲಿ: ಕಂಪನಿ ಇಡದ ಸ್ವಿಚ್ಚುಗಳು ಡ್ಯಾಶ್‌ಬೋರ್ಡಿನ ಕೆಳಗೆ ಸಾಲಾಗಿ ಕೂತಿರುವುದು ಕಂಡಾಗ. ಮಾರುವ ಮಹಾಶಯ ಹೆಮ್ಮೆಯಿಂದ ಪರಿಚಯ ಮಾಡಿಕೊಡುತ್ತಾನೆ. ಇದು ವೈಪರಿಗೆ, ಇದು ಒಳದೀಪ ಮೆಲ್ಲಗೆ ಆರುವುದಕ್ಕೆ, ಇದು ಹೆಡ್‌ಲೈಟ್ ಮರೆತರೆ ಕೂಗುವುದಕ್ಕೆ, ಇದು ಕಳ್ಳನಿಗೆ. ಐದನೆಯದು ಯಾತಕ್ಕೆ ಅಂತ ಕೇಳಿದರೆ ಮಾತ್ರ ಸ್ವಲ್ಪ ತಡವರಿಸಿ, ಅದನ್ನು ಮುಟ್ಟದಿದ್ದರೆ ಏನೂ ತೊಂದರೆಯಿಲ್ಲ ಅನ್ನುತ್ತಾನೆ. ಅಲ್ಲಿಗೆ ಕಾರಿನ ಬೆಲೆ ಇಳಿಯಿತು. ಇದು ಲೋಕದ ಅರಸಿಕತೆ, ಪ್ರತಿಭೆಗೆ ಆದ ಅನ್ಯಾಯ ಅಂತ ಮಾರುವವರ ಕಡೆಯವರೆಲ್ಲ ಕೊರಗುತ್ತಾರೆ. ನನ್ನ ವಾದ ಬೇರೆ. ಬೆಲೆ ಇಳಿದದ್ದು ನ್ಯಾಯವಾಗಿಯೇ ಇಳಿದಿದೆ. ಆದರೆ ಇಳಿಸಿದ್ದು ಆ ಉಪಕರಣವಲ್ಲ.

ಮೊದಲು ಈ ಮಹಾಶಯನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ಅವನು ಹುಚ್ಚನಲ್ಲ. ಎಂಜಿಬಿಯ ಮೊದಲ ಮಾದರಿಗಳ ಫ್ಯೂಸ್ ಪೆಟ್ಟಿಗೆಯಲ್ಲಿ ಇದ್ದದ್ದು ಎರಡೇ ಫ್ಯೂಸು. ಹೆಡ್‌ಲೈಟಿಗೆ ಅದೂ ಇಲ್ಲ. ಇಂಗ್ಲೆಂಡಿನ ಮಳೆ ನಮ್ಮ ಆಗುಂಬೆಯ ಮಳೆಯಂತೆ ಬಂದರೆ ಬಂದೆ ಅನ್ನುವ ಜಾತಿಯದಲ್ಲ. ಬಂದೆನೋ ಇಲ್ಲವೋ ಅನ್ನುವ ಅನುಮಾನದಲ್ಲೇ ದಿನವಿಡೀ ಜಿನುಗುವಂಥದ್ದು. ಅದಕ್ಕೆ ಬಿಟ್ಟು ಬಿಟ್ಟು ಒರೆಸುವ ವೈಪರ್ ಬೇಕು. ಆ ಕಾಲದ ಕಾರಿನಲ್ಲಿದ್ದದ್ದು ಒಂದೇ ಸಮನೆ ಒರೆಸಿ ಒಣಗಾಜಿನ ಮೇಲೆ ಕಿರುಗುಟ್ಟುವ ವೈಪರ್. ಅತ್ತ ಪ್ರಾಕ್ಟಿಕಲ್ ವೈರ್‌ಲೆಸ್, ಪ್ರಾಕ್ಟಿಕಲ್ ಇಲೆಕ್ಟ್ರಾನಿಕ್ಸ್‌ನಂಥ ಪತ್ರಿಕೆಗಳು ಮನೆಯಲ್ಲೇ ಸರ್ಕಿಟ್ ಕಟ್ಟಿಕೊಳ್ಳುವ ವಿದ್ಯೆಯನ್ನು ತಿಂಗಳು ತಿಂಗಳೂ ಹಂಚುತ್ತಿದ್ದವು. ಸಾಲದ್ದಕ್ಕೆ ಹಾನ್ಸ್ ಕಾಮೆಂಜಿಂಡ್ ಎಂಬ ಎಂಜಿನಿಯರು ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ 555 ಎಂಬ ಟೈಮರ್ ಚಿಪ್ 1972ರಲ್ಲಿ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಇವತ್ತಿಗೂ ಕೇಳಿ ಪಡೆಯುವ, ಎಂಟು ಕಾಲಿನ ಆ ಪುಟ್ಟ ಜಿರಳೆಯೇ ಅದು. ಅದರ ಜೊತೆ ಒಂದೆರಡು ರೆಸಿಸ್ಟರು, ಒಂದು ಕೆಪಾಸಿಟರು, ಒಂದು ರಿಲೇ ಇದ್ದರೆ ವೈಪರು ಐದು ಸೆಕೆಂಡಿಗೊಮ್ಮೆ ಗಾಂಭೀರ್ಯದಿಂದ ತಲೆಯಾಡಿಸುತ್ತದೆ. ಇಷ್ಟು ಸುಲಭದಲ್ಲಿ ಬ್ರಹ್ಮನಾಗುವ ಅವಕಾಶ ಸಿಕ್ಕರೆ ಬಿಡುವವರು ಯಾರು? ತೊಂದರೆ ಏನೆಂದರೆ, ಬ್ರಹ್ಮನಾದವನು ಒಂದಕ್ಕೇ ನಿಲ್ಲಿಸುವುದಿಲ್ಲ.

ಹೀಗೆ ಹುಟ್ಟಿದ್ದಕ್ಕೆ ಬೆಲೆ ಕಟ್ಟುವಾಗ ಹೆತ್ತವನು ತನ್ನದೇ ಲೆಕ್ಕ ಹಾಕುತ್ತಾನೆ. ನಾರ್ಟನ್, ಮೊಶಾನ್, ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರ ಕೈಯಲ್ಲಿ ಕಾಗದದ ಕೊಕ್ಕರೆ, ಕಪ್ಪೆಗಳನ್ನು ಮಡಚಿಸಿ ಬೆಲೆ ಹೇಳಿಸಿದ್ದರು. ಮಡಚಿದವರು ತಮ್ಮ ಸೊಟ್ಟ ಕಪ್ಪೆಗೆ ನುರಿತವರ ಕಪ್ಪೆಗೆ ಸರಿಸಮನಾಗಿ ಬೆಲೆ ಕಟ್ಟಿದರು. ನೋಡುತ್ತಿದ್ದವರಿಗೆ ಅದು ಮುದುರಿದ ಕಾಗದವಾಗಿ ಕಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದನ್ನು ನಮ್ಮ ಅಜ್ಜಿಯಂದಿರು ಪ್ರಯೋಗಾಲಯವಿಲ್ಲದೆಯೇ ಕಂಡುಹಿಡಿದಿದ್ದರು, ಆ ಮಾತು ಬೇರೆ. ಕಾರು ಮಾರುವವನೂ ಬೆಸುಗೆ ಹಾಕಿದ ಭಾನುವಾರಗಳನ್ನೆಲ್ಲ ಬೆಲೆಗೆ ಸೇರಿಸುತ್ತಾನೆ. ಕೊಳ್ಳುವವನು ಅದೇ ಬೆಸುಗೆಗಳನ್ನು ಬಿಡಿಸಲು ತಾನು ಕಳೆಯಬೇಕಾದ ಭಾನುವಾರಗಳನ್ನು ಕಳೆಯುತ್ತಾನೆ. ಒಂದೇ ಡಬ್ಬಿ ಒಬ್ಬನ ಲೆಕ್ಕದಲ್ಲಿ ಜಮೆ, ಇನ್ನೊಬ್ಬನ ಲೆಕ್ಕದಲ್ಲಿ ಖರ್ಚು. ಆದರೆ ಮಮಕಾರದ ಮಾತು ಹೇಳಿದ ಮಾತ್ರಕ್ಕೆ ಕೊಳ್ಳುವವನ ಭಯ ಏನೆಂದು ತಿಳಿದ ಹಾಗಾಗಲಿಲ್ಲ.

ಭಯವನ್ನು ತಿಳಿಯಲು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರ ಹತ್ತಿರ ಹೋಗಬೇಕು. ಹಳೆಯ ಕಾರುಗಳ ಸಂತೆಯನ್ನು ಕುರಿತು ಅವರು ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ವಾಪಸು ಕಳಿಸಿದವು. 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಕಾರನ್ನೇ ಆಗಲಿ, ಕಾರಿನ ಮೇಲಿನ ಪ್ರಬಂಧವನ್ನೇ ಆಗಲಿ, ಮಾರುವುದು ಕಷ್ಟ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅವರು ಹೇಳಿದ್ದರ ಸಾರ ಇಷ್ಟು: ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನಿಸಿ ಬೆಲೆ ಇಳಿಸುತ್ತಾನೆ, ಒಳ್ಳೆಯ ಕಾರುಗಳು ಸಂತೆಗೇ ಬರದೆ ಹೋಗುತ್ತವೆ. ಮಾಮೂಲಿ ಕಾರಿಗೆ ಇದು ಸರಿ. ಮನೆಯಲ್ಲೇ ವೈರು ಎಳೆದ ಕಾರಿನ ಮುಂದೆ ಮಾತ್ರ ಈ ಸಿದ್ಧಾಂತ ತಲೆ ಕೆರೆದುಕೊಳ್ಳುತ್ತದೆ. ಯಾಕೆಂದರೆ ಇಲ್ಲಿ ಮಾರುವವನಿಗೂ ಗೊತ್ತಿಲ್ಲ! ಕಟ್ಟಿದ ದಿನ ಗೊತ್ತಿತ್ತು. ನಕ್ಷೆ ಒಂದು ಲಕೋಟೆಯ ಹಿಂಬದಿಯಲ್ಲಿತ್ತು; ಲಕೋಟೆ ಈಗ ಎಲ್ಲಿದೆಯೋ. ಅವನು ಏನನ್ನೂ ಮುಚ್ಚಿಡುತ್ತಿಲ್ಲ ಪಾಪ, ಪೂರ್ಣ ಪ್ರಾಮಾಣಿಕನಾಗಿ ಅಜ್ಞಾನಿ. ಮೋಸಗಾರನನ್ನು ಎದುರಿಸಲು ಕೊಳ್ಳುವವನಿಗೆ ದಾರಿಗಳಿವೆ, ಪ್ರಶ್ನೆ ಕೇಳಿ ಬಾಯಿ ಬಿಡಿಸಬಹುದು. ಮರೆತವನ ಬಾಯಿ ಬಿಡಿಸಿ ಏನು ಬರಬೇಕು?

ಈಗ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡೋಣ. ಎಂಜಿಬಿಯ ವಿದ್ಯುತ್ ಸಾಮಾನು ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯದು. ಅದರ ವೈರುಗಳಿಗೆ ವರ್ಣಾಶ್ರಮವಿದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ಫ್ಯೂಸಿಲ್ಲದೆ ನೇರವಾಗಿ ಬಂದದ್ದು, ಬಿಳಿಯದು ಇಗ್ನಿಷನ್ನಿನದು, ನೇರಳೆಯದು ಫ್ಯೂಸ್ ಹಾದು ಬಂದು ಸದಾ ಎಚ್ಚರವಿರುವುದು, ಹಸಿರು ಇಗ್ನಿಷನ್ ಹಾಕಿದ ಮೇಲಷ್ಟೇ ಏಳುವುದು, ಕಪ್ಪು ಅರ್ತ್. ನಮ್ಮ ಮಹಾಶಯನ ವೈರಿಗೆ ಒಂದೇ ಬಣ್ಣ. ಆವತ್ತು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಸುರುಳಿಯ ಬಣ್ಣ. ಅದು ಹಸಿರಿನ ಹೊಟ್ಟೆಗೆ ಚುಚ್ಚಿಕೊಂಡು ಹೊರಟು, ಕಾರ್ಪೆಟ್ಟಿನಡಿ ಮಾಯವಾಗಿ, ಎಲ್ಲೋ ಕೆಂಪಾಗಿದ್ದದ್ದು ಇನ್ನೆಲ್ಲೋ ಟೇಪು ಸುತ್ತಿಕೊಂಡು ಎದ್ದು ಬರುತ್ತದೆ. ಇದರಲ್ಲಿ ತಮಾಷೆ ಎಷ್ಟಿದೆಯೋ ಅಪಾಯವೂ ಅಷ್ಟೇ ಇದೆ. ಹಸಿರು ವೈರಿನ ಒಂದೇ ಫ್ಯೂಸಿನ ಕೆಳಗೆ ವೈಪರು, ಇಂಡಿಕೇಟರು, ಬ್ರೇಕ್ ದೀಪ ಎಲ್ಲವೂ ಕೂಡುಕುಟುಂಬವಾಗಿ ಬದುಕಿವೆ. ವೈಪರಿನ ಶೋಕಿಗೆ ಹಾಕಿದ ಡಬ್ಬಿ ಕೆಟ್ಟು ಫ್ಯೂಸು ಹೋದರೆ, ಹಿಂದಿನ ಲಾರಿಯವನಿಗೆ ನೀವು ಬ್ರೇಕು ಹಾಕಿದ್ದೇ ಕಾಣುವುದಿಲ್ಲ. ಇನ್ನು ಸೋರಿಕೆಯ ವಿಚಾರ. ಕಾರು ನಿಂತಿದ್ದಾಗಲೂ ಎಚ್ಚರವಾಗಿರುವ ಕಳ್ಳಗಂಟೆ ಬರೀ 50 ಮಿಲಿಆಂಪಿಯರ್ ಎಳೆಯುತ್ತಿದೆ ಅನ್ನಿ. ದಿನಕ್ಕೆ 1.2 ಆಂಪಿಯರ್-ಅವರ್ ಹೋಯಿತು. 50 ಆಂಪಿಯರ್-ಅವರ್ ಬ್ಯಾಟರಿ ಮೂರು ವಾರದಲ್ಲಿ ಅರ್ಧ ಖಾಲಿ, ಚಳಿಗಾಲದ ಬೆಳಿಗ್ಗೆ ಸ್ಟಾರ್ಟರು ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತದೆ. ಕಾರು ಕಳುವಾಗಲಿಲ್ಲ, ನಿಜ. ಕಳ್ಳನಿಗೂ ಅದನ್ನು ಸ್ಟಾರ್ಟು ಮಾಡಲಾಗಲಿಲ್ಲ. ಎಲ್ಲಕ್ಕಿಂತ ಸೊಗಸಾದದ್ದು ಅರ್ತಿನ ಕತೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿತ್ತು, ಆಮೇಲಿನವುಗಳಲ್ಲಿ ನೆಗೆಟಿವ್. ಹಳೆಯದನ್ನು ಕೊಂಡವನು ಹೊಸ ರೇಡಿಯೋ ಕೂರಿಸಲೆಂದು ತುದಿಗಳನ್ನು ಅದಲುಬದಲು ಮಾಡುತ್ತಾನೆ. ಸ್ಟಾರ್ಟರಿಗೆ ಎರಡೂ ಒಂದೇ, ದೀಪಗಳಿಗೆ ಪರಿವೆಯೇ ಇಲ್ಲ, ಡೈನಮೋಗೆ ಒಂದು ವೈರು ತಾಗಿಸಿದರೆ ಒಪ್ಪಿಕೊಳ್ಳುತ್ತದೆ. ಆದರೆ ಸೀಟಿನ ಹಿಂದೆ ಯಾರಿಗೂ ತಿಳಿಯದಂತೆ ಹುದುಗಿರುವ ಟ್ರಾನ್ಸಿಸ್ಟರ್ ಡಬ್ಬಿಗೆ ಇದನ್ನು ಯಾರೂ ತಿಳಿಸಿರುವುದಿಲ್ಲ. ಅದು ತನ್ನ ಇರವನ್ನು ಮೊದಲ ಬಾರಿಗೆ ಹೊಗೆಯ ಮೂಲಕ ಸಾರುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಇವತ್ತು ಕಾರಿನಲ್ಲಿರುವ ಸುಖವೆಲ್ಲ ಇಂಥ ಮಹಾಶಯರ ಹಿತ್ತಿಲಿನಿಂದ ಬಂದದ್ದಲ್ಲವೇ? ಹೌದು. ಡೇಟನ್ ಊರಿನ ಒಂದು ಕೊಟ್ಟಿಗೆಯಲ್ಲಿ ಚಾರ್ಲ್ಸ್ ಕೆಟರಿಂಗ್ ತಂಡ ಕಟ್ಟಿದ ಸೆಲ್ಫ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಸೇರಿತು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ರಾಲ್ಫ್ ಟೀಟರ್ ಕಾರಿನ ವೇಗವನ್ನು ತಾನಾಗಿ ಕಾಯುವ ಸಾಧನ ರೂಪಿಸಿದರು. ಅದೇ ಇವತ್ತಿನ ಕ್ರೂಸ್ ಕಂಟ್ರೋಲ್. ಆಕ್ಷೇಪಣೆಯ ಮುಖ್ಯ ಸಾಕ್ಷಿ ಮಾತ್ರ ಡೆಟ್ರಾಯ್ಟಿನ ಮೇಷ್ಟ್ರು ರಾಬರ್ಟ್ ಕರ್ನ್ಸ್. ಬಿಟ್ಟು ಬಿಟ್ಟು ಒರೆಸುವ ವೈಪರನ್ನು ಸ್ವತಃ ಕಟ್ಟಿ, ತನ್ನ ಫೋರ್ಡ್ ಗ್ಯಾಲಕ್ಸಿ ಕಾರಿಗೆ ಹಾಕಿಕೊಂಡು 1963ರಲ್ಲಿ ಫೋರ್ಡ್ ಕಂಪನಿಯ ಬಾಗಿಲಿಗೇ ಓಡಿಸಿಕೊಂಡು ಹೋದ ಮನುಷ್ಯ. ಕಂಪನಿ ಎಲ್ಲವನ್ನೂ ನೋಡಿತು, ಕೇಳಿತು, ಕೊನೆಗೆ ಅವರನ್ನು ಬಿಟ್ಟು ವೈಪರನ್ನು ಇಟ್ಟುಕೊಂಡಿತು. ಕರ್ನ್ಸ್ 1978ರಲ್ಲಿ ಮೊಕದ್ದಮೆ ಹೂಡಿದರು. ಇದರಲ್ಲಿ ಹೊಸದೇನಿದೆ, ಎಲ್ಲ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು ತಾನೇ ಅನ್ನುವುದು ಫೋರ್ಡಿನ ವಾದವಾಗಿತ್ತು. 1990ರಲ್ಲಿ ಅದೇ ಫೋರ್ಡ್ ಒಂದು ಕೋಟಿ ಡಾಲರಿಗೂ ಮಿಕ್ಕಿ ಎಣಿಸಿತು. ಕ್ರೈಸ್ಲರ್ ಅದಕ್ಕಿಂತಲೂ ಹೆಚ್ಚು ತೆತ್ತಿತು. ಮನೆಯಲ್ಲಿ ಕಟ್ಟಿದ ಡಬ್ಬಿಗೆ ಬೆಲೆಯಿಲ್ಲ ಅನ್ನುವವರ ಬಾಯಿ ಮುಚ್ಚಿಸಲು ಇದು ಸಾಕು. ಆದರೆ ದಯವಿಟ್ಟು ಗಮನಿಸಿ, ಆ ಹಣ ಬಂದದ್ದು ಗ್ಯಾಲಕ್ಸಿ ಕಾರಿಗಲ್ಲ, ಅದರೊಳಗಿನ ಡಬ್ಬಿಗೂ ಅಲ್ಲ. ಕರ್ನ್ಸ್ ಕೈಯಲ್ಲಿ ಪೇಟೆಂಟ್ ಇತ್ತು. ಪೇಟೆಂಟ್ ಅಂದರೆ ಬೇರೊಬ್ಬ ಜಾಣ ಓದಿ ತಾನೂ ಕಟ್ಟಬಹುದಾದಷ್ಟು ಬಿಡಿಸಿ ಬರೆದ ನಕ್ಷೆ. ಕೋಟಿ ಬೆಲೆ ಬಂದದ್ದು ಕಾಗದಕ್ಕೆ.

ಎರಡನೆಯ ಆಕ್ಷೇಪಣೆ ಇನ್ನೂ ಚೇಷ್ಟೆಯದು. ಕಾರ್ಖಾನೆಯ ವೈರಿಂಗ್ ಏನು ಮಹಾ ಚೆನ್ನಾಗಿತ್ತೇ? ಲೂಕಸ್‌ಗೆ ಕಾರುಪ್ರಿಯರು ಇಟ್ಟ ಬಿರುದೇ ಕತ್ತಲೆಯ ರಾಜಕುಮಾರ ಅಂತ. ಇಂಗ್ಲಿಷರು ಬಿಯರನ್ನು ಬೆಚ್ಚಗೆ ಕುಡಿಯುವುದು ಯಾಕೆ, ಅವರ ಫ್ರಿಜ್ಜೂ ಲೂಕಸಿನದು ಅನ್ನುವ ಜೋಕು ಎಷ್ಟು ಹಳೆಯದೆಂದರೆ ಅದಕ್ಕೂ ಈಗ ವಿಂಟೇಜ್ ಬೆಲೆ ಬಂದಿರಬೇಕು. ಹೀಗಿದ್ದೂ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮು ನಿಮ್ಮ ಕಾರು ಕಾರ್ಖಾನೆ ಬಿಟ್ಟಾಗ ಹೇಗಿತ್ತೆಂದು ಸರ್ಟಿಫಿಕೇಟು ಕೊಡುತ್ತದೆ, ಹಾಗೆಯೇ ಉಳಿದಿದ್ದರೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಅಂದರೆ ಕಂಪನಿ ಮಾಡಿದ ತಪ್ಪಿಗೆ ಬೆಲೆ, ಮನೆಯವನು ಮಾಡಿದ ತಿದ್ದುಪಡಿಗೆ ದಂಡ! ವಿಚಿತ್ರವಾಗಿ ಕಂಡರೂ ಇದೂ ಸರಿಯೇ. ಲೂಕಸಿನ ದೋಷ ಊರಿಗೆಲ್ಲ ಗೊತ್ತಿರುವ ಕಳ್ಳನ ಹಾಗೆ. ಅವನು ಯಾವ ಹೊತ್ತಿಗೆ, ಯಾರ ಗೋಡೆ ಹಾರುತ್ತಾನೆಂದು ಎಲ್ಲರಿಗೂ ಗೊತ್ತು. ಲಕ್ಷಾಂತರ ಕಾರುಗಳಲ್ಲಿ ಒಂದೇ ವೈರು ಒಂದೇ ಜಾಗದಲ್ಲಿ ಸವೆಯುತ್ತದೆ, ಯಾವ ಮೆಕ್ಯಾನಿಕ್ಕಾದರೂ ಕಣ್ಣುಮುಚ್ಚಿ ಅಲ್ಲಿಗೆ ಕೈ ಹಾಕುತ್ತಾನೆ. ಮಹಾಶಯನ ಡಬ್ಬಿಯ ದೋಷ ಜಗತ್ತಿನಲ್ಲಿ ಒಂದೇ ಒಂದು. ಇಂಥ ಅನಾಮಧೇಯ ಪೂರ್ವಜನಿಗೆ ಎಂಜಿ ಬಳಗದವರು ಡಿಪಿಒ ಅನ್ನುತ್ತಾರೆ, ಡ್ರೆಡೆಡ್ ಪ್ರೀವಿಯಸ್ ಓನರ್. ರಾತ್ರಿ ಹತ್ತಕ್ಕೆ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಡ್ಯಾಶಿನಡಿ ಅಂಗಾತ ಮಲಗಿದವರು ಆ ಹೆಸರನ್ನು ಉಚ್ಚರಿಸುವ ಧಾಟಿಯೇ ಬೇರೆ.

ನನ್ನ ಮುಖ್ಯ ಸಾಕ್ಷಿಯನ್ನು ಈಗ ಕರೆಯುತ್ತೇನೆ. ಜಾನ್ ಹೇನ್ಸ್ ಎಂಬ ಶಾಲಾಹುಡುಗ ಐವತ್ತರ ದಶಕದಲ್ಲಿ ಆಸ್ಟಿನ್ ಸೆವೆನ್ ಎಂಬ ಬಡಪಾಯಿ ಕಾರನ್ನು ಬಿಚ್ಚಿ, ತಾನೇ ಮೈ ಕಟ್ಟಿ, ಸ್ಪೋರ್ಟ್ಸ್ ಕಾರು ಮಾಡಿಕೊಂಡ. ಮಾರಾಟಕ್ಕಿಟ್ಟಾಗ ಬಂದ ವಿಚಾರಣೆಗಳು ಒಂದು ಕಾರಿಗೆ ವಿಪರೀತವಾದವು. ಹುಡುಗ ಜಾಣ, ಜನಕ್ಕೆ ಬೇಕಾದದ್ದು ಕಾರಿಗಿಂತ ಹೆಚ್ಚಾಗಿ ಅದನ್ನು ಕಟ್ಟುವ ಬಗೆ ಅಂತ ಹೊಳೆಯಿತು. 1956ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಚಿತ್ರಸಹಿತ ಕಿರುಪುಸ್ತಕ ಮಾಡಿ 250 ಪ್ರತಿ ಅಚ್ಚು ಹಾಕಿಸಿದ. ಹತ್ತು ದಿನದಲ್ಲಿ ಖಾಲಿ. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ ಗೆಳೆಯರೊಬ್ಬರ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸಿದ ಅನುಭವದಿಂದ 1966ರಲ್ಲಿ ಮೊದಲ ಹೇನ್ಸ್ ಮ್ಯಾನ್ಯುಅಲ್ ಬಂತು. ಆ ಮಾಲೆಯ ಪುಸ್ತಕಗಳ ಕೊನೆಯಲ್ಲಿ ಮಡಿ ಮಡಿಯಾಗಿ ಬರುವ ವೈರಿಂಗ್ ನಕ್ಷೆಯ ಮೇಲೆ ಎಷ್ಟು ದೇಶಗಳ ಗ್ರೀಸು ಮೆತ್ತಿದೆಯೋ! ಮನೆಯಲ್ಲಿ ಕಟ್ಟಿದ ಕಾರಿನಿಂದಲೇ ಶುರುವಾದ ಈ ಕತೆಯಲ್ಲಿ ಹುಡುಗನ ಕೈಗುಣಕ್ಕೆ ಯಾರೂ ಹೆದರಲಿಲ್ಲ. ಮೂರನೆಯವನಿಗೆ ಅರ್ಥವಾಗುವಂತೆ ಬರೆದಿಟ್ಟದ್ದೇ ಕಾರಣ. ನಕ್ಷೆಯಿದ್ದರೆ ಅದೇ ಡಬ್ಬಿ ಉಪಕರಣ. ಇಲ್ಲವಾದರೆ ದೆವ್ವ, ಅದನ್ನು ಬಿಡಿಸಲು ಬೇರೆ ಖರ್ಚು.

ಹಾಗಾದರೆ ಮಾರುವ ಮುಂಚೆ ಕೂತು ನಕ್ಷೆ ಬರೆಯಬಾರದೇ ಅಂತ ಕೇಳಬಹುದು. ಬರೆಯಬಹುದು, ಬರೆದವರು ವಿರಳ. ಬರೆಯಲು ಕೂತಾಗಲೇ ಆ ಐದನೆಯದು ಎಲ್ಲಿಗೂ ಹೋಗುತ್ತಿಲ್ಲ ಅನ್ನುವುದು ಹೊರಬೀಳುತ್ತದೆ. ಕಾನೂನು ಬೇರೆ ಈ ಸೋಮಾರಿತನಕ್ಕೆ ನೀರೆರೆಯುತ್ತದೆ. ಬ್ರಿಟನ್ನಿನ 1979ರ ಸರಕು ಮಾರಾಟ ಕಾಯಿದೆಯ ಪ್ರಕಾರ ವ್ಯಾಪಾರಿಯಲ್ಲದವನು ತನ್ನ ಕಾರು ಮಾರಿದರೆ ಗುಣಮಟ್ಟಕ್ಕೆ ಹೊಣೆಯಲ್ಲ, ಕೊಟ್ಟ ವಿವರಣೆಗೆ ಸರಕು ತಕ್ಕಂತಿದ್ದರೆ ಸಾಕು. ಅಂದಮೇಲೆ ವಿವರಿಸಿದಷ್ಟೂ ಸಿಕ್ಕಿಬೀಳುವ ಸಂಭವ ಹೆಚ್ಚು. ಸ್ವಯಂಚಾಲಿತ ವೈಪರ್ ಅಂತ ಜಾಹೀರಾತಿನಲ್ಲಿ ಬರೆದರೆ ಅದು ಒರೆಸಲೇಬೇಕು. ಹೀಗಾಗಿ ವಿವೇಕಿಗಳು ಎಲ್ಲವನ್ನೂ ಕಿತ್ತು ಮಾರುವ ದಾರಿ ಹಿಡಿಯುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ತೂತುಗಳು ಉಳಿಯುತ್ತವೆ, ಅವಕ್ಕೆ ರಬ್ಬರಿನ ಬಿರಡೆ ಸಿಗುತ್ತದೆ. ಕಾರ್ಖಾನೆಯ ಬಣ್ಣಗಳಲ್ಲೇ ಹೆಣೆದ ಹೊಸ ವೈರಿಂಗ್ ಇವತ್ತಿಗೂ ಕೊಳ್ಳಲು ದೊರೆಯುವುದರಿಂದ ಗಿರಾಕಿಯೂ ಹೆಚ್ಚು ಗೊಣಗುವುದಿಲ್ಲ. ಬಿಚ್ಚಿದ ಡಬ್ಬಿಯನ್ನು ಮಹಾಶಯ ಎಸೆಯುತ್ತಾನೆ ಅಂದುಕೊಂಡಿರಾದರೆ ನಿಮಗೆ ಈ ಜಾತಿಯ ಪರಿಚಯ ಸಾಲದು. ಅದನ್ನು ಬಟ್ಟೆಯಲ್ಲಿ ಸುತ್ತಿ ಶೆಡ್ಡಿನ ಅಟ್ಟದಲ್ಲಿಟ್ಟು, ಮಾರಿ ಬಂದ ಹಣದಲ್ಲಿ ಇನ್ನೊಂದು ಕಾರು ಹುಡುಕುತ್ತಾನೆ. ಈ ಸಲ ಸಿಕ್ಕಿರುವುದು 1965ರದು, ಡಬ್ಬಿಯ ಲೆಕ್ಕದಲ್ಲಿ ಅದರ ಅರ್ತ್ ಉಲ್ಟಾ. ಚಿಂತೆಯಿಲ್ಲವಂತೆ, ಅದನ್ನು ಸುಲ್ಟಾ ಮಾಡಲು ಒಂದು ಪುಟ್ಟ ಸರ್ಕಿಟ್ ಹೊಳೆದಿದೆಯಂತೆ.